ಮೈಯೊಳಗೆ ಹೊಗುವ ಸಾಧನಗಳು: ಕಾನೂನು ಅವುಗಳನ್ನು ವಿಂಗಡಿಸುವ ಬಗೆ



ಜ್ವರ ಬಂದು ವೈದ್ಯರ ಬಳಿಗೆ ಹೋದ ದಿನವೊಂದನ್ನು ನೆನಪಿಸಿಕೊಳ್ಳಿ. ವೈದ್ಯರು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿದರು. ಚಪ್ಪಟೆಯಾದ ಕಡ್ಡಿಯಿಂದ ನಾಲಿಗೆಯನ್ನು ಒತ್ತಿ ಗಂಟಲನ್ನು ಪರೀಕ್ಷಿಸಿದರು. ಕೊನೆಗೆ ಒಂದು ಇಂಜೆಕ್ಷನ್ ಕೊಟ್ಟರು. ಎಲ್ಲವೂ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಈ ನಾಲ್ಕು ಸಾಧನಗಳಲ್ಲಿ ಮೊದಲ ಎರಡು ನಿಮ್ಮ ಚರ್ಮದ ಹೊರಗೇ ಉಳಿದವು. ಮೂರನೆಯದು ಬಾಯಿಯ ಒಳಗೆ ಹೋಗಿ ಹೊರಗೆ ಬಂತು. ನಾಲ್ಕನೆಯದು ಚರ್ಮವನ್ನು ಭೇದಿಸಿ ಮಾಂಸದೊಳಗೆ ಇಳಿಯಿತು. ನಿಮಗೆ ನೋವಾದದ್ದು ಸೂಜಿಯಿಂದ ಮಾತ್ರ. ಆದರೆ ಕಾನೂನಿನ ಕಣ್ಣಿಗೆ ಕಡ್ಡಿ ಮತ್ತು ಸೂಜಿ ಎರಡೂ ದೇಹವನ್ನು ಪ್ರವೇಶಿಸಿದ ಸಾಧನಗಳೇ. ಆದರೂ ಎರಡನ್ನೂ ಅದು ಒಂದೇ ಮಟ್ಟದಲ್ಲಿ ಇಡುವುದಿಲ್ಲ. ಹಾಗಾದರೆ ಯಾವುದಕ್ಕೆ ಎಷ್ಟು ಕಟ್ಟುನಿಟ್ಟು ಎಂಬುದನ್ನು ನಿರ್ಧರಿಸುವುದು ಹೇಗೆ? ಸಾಧನದ ಬೆಲೆಯಿಂದಲೇ? ಗಾತ್ರದಿಂದಲೇ? ನೋವಿನಿಂದಲೇ? ಇವು ಯಾವುದರಿಂದಲೂ ಅಲ್ಲ. ಅದಕ್ಕೆ ಮುಖ್ಯವಾಗಿ ಮೂರು ಪ್ರಶ್ನೆಗಳಿವೆ. ಸಾಧನ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ? ಎಷ್ಟು ಹೊತ್ತು ಒಳಗಿರುತ್ತದೆ? ಒಳಗೆ ಯಾವ ಅಂಗವನ್ನು ಮುಟ್ಟುತ್ತದೆ? ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ತಿಳಿಯೋಣ.

ಇಂಥ ವಿಂಗಡಣೆ ಏಕೆ ಬೇಕಾಯಿತು?

ಚರ್ಮವು ನಮ್ಮ ದೇಹದ ಕೋಟೆಗೋಡೆ. ಹೊರಗಿನ ರೋಗಾಣುಗಳನ್ನು ಅದು ಹೊರಗೇ ತಡೆಯುತ್ತದೆ. ಈ ಗೋಡೆಯನ್ನು ದಾಟುವ ಯಾವುದೇ ವಸ್ತು ತನ್ನೊಂದಿಗೆ ಮೂರು ಅಪಾಯಗಳನ್ನು ತರಬಲ್ಲದು: ಸೋಂಕು, ವಿಷಕಾರಿ ಪದಾರ್ಥ ಮತ್ತು ಗಾಯ. ತೋಳಿನ ಪಟ್ಟಿ ಹರಿದರೆ ಬೇರೊಂದನ್ನು ತಂದು ಸುತ್ತಬಹುದು. ದೇಹದ ಒಳಗೆ ಕೂರಿಸಿದ ತುಂಡು ಮುರಿದರೆ ಮತ್ತೊಂದು ಶಸ್ತ್ರಚಿಕಿತ್ಸೆಯೇ ಬೇಕು.

ಈ ಪಾಠವನ್ನು ಜಗತ್ತು ಕಷ್ಟದಿಂದ ಕಲಿಯಿತು. ಅಮೆರಿಕದಲ್ಲಿ 1971ರಿಂದ ಡಾಲ್ಕನ್ ಶೀಲ್ಡ್ ಎಂಬ ಗರ್ಭನಿರೋಧಕ ಸಾಧನ ಮಾರಾಟವಾಯಿತು. ಅದನ್ನು ಗರ್ಭಕೋಶದೊಳಗೆ ಇಡಲಾಗುತ್ತಿತ್ತು. ಅದನ್ನು ಹೊರತೆಗೆಯಲು ಅನುಕೂಲವಾಗಲೆಂದು ಒಂದು ದಾರವಿತ್ತು. ಆ ದಾರ ಒಂಟಿ ಎಳೆಯದಾಗಿರಲಿಲ್ಲ. ಅನೇಕ ಸಣ್ಣ ಎಳೆಗಳನ್ನು ಒಂದು ಹೊದಿಕೆಯೊಳಗೆ ಸೇರಿಸಿ ಮಾಡಿದ್ದಾಗಿತ್ತು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಹೀರುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಈ ದಾರ ರೋಗಾಣುಗಳನ್ನು ಗರ್ಭಕೋಶದತ್ತ ಹೀರಿತು. ಸಾವಿರಾರು ಮಹಿಳೆಯರು ತೀವ್ರ ಸೋಂಕಿಗೆ ತುತ್ತಾದರು, ಸಾವುಗಳೂ ಸಂಭವಿಸಿದವು. 1974ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು.

ಆ ಕಾಲದಲ್ಲಿ ಅಮೆರಿಕದಲ್ಲಿ ಹೊಸ ಔಷಧಿಯೊಂದನ್ನು ಮಾರಬೇಕಾದರೆ ಮುಂಚಿತವಾಗಿ ಸರ್ಕಾರದ ಒಪ್ಪಿಗೆ ಬೇಕಿತ್ತು. ಆದರೆ ಸಾಧನಕ್ಕೆ ಅಂಥ ಒಪ್ಪಿಗೆ ಬೇಕಿರಲಿಲ್ಲ. ಅನಾಹುತವಾದ ಮೇಲೆ ಮಾತ್ರ ಸರ್ಕಾರ ಕೈ ಹಾಕಬಹುದಿತ್ತು. 1976ರಲ್ಲಿ ಅಲ್ಲಿನ ಕಾನೂನಿಗೆ ತಿದ್ದುಪಡಿಯಾಯಿತು. ಸಾಧನಗಳನ್ನು ಅಪಾಯಕ್ಕೆ ತಕ್ಕಂತೆ ಮೂರು ವರ್ಗಗಳಾಗಿ ವಿಂಗಡಿಸಲಾಯಿತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಸಾಧನಗಳನ್ನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯಿದೆಯ ಅಡಿಯಲ್ಲಿಯೇ ನಿಯಂತ್ರಿಸಲಾಗುತ್ತದೆ. ಅಂದರೆ ಸರ್ಕಾರ ಅಧಿಸೂಚನೆ ಹೊರಡಿಸಿದ ಸಾಧನವು ಕಾನೂನಿನ ಮಟ್ಟಿಗೆ ‘ಔಷಧ’ ಎನಿಸಿಕೊಳ್ಳುತ್ತದೆ. 1989ರಲ್ಲಿ ಒಮ್ಮೆ ಬಳಸಿ ಎಸೆಯುವ ಸಿರಿಂಜು, ಸೂಜಿ ಮತ್ತು ರಕ್ತನಾಳಕ್ಕೆ ದ್ರವ ಹರಿಸುವ ಸೆಟ್ಟುಗಳು ಈ ಪಟ್ಟಿಗೆ ಬಂದವು. 2005ರಲ್ಲಿ ಹೃದಯದ ಸ್ಟೆಂಟ್, ಹೃದಯದ ಕವಾಟ, ಕ್ಯಾತಿಟರ್, ಕಣ್ಣಿನೊಳಗೆ ಇಡುವ ಮಸೂರ, ಮೂಳೆಗೆ ಜೋಡಿಸುವ ಇಂಪ್ಲಾಂಟ್ ಮುಂತಾದವು ಸೇರಿದವು.

ಈ ಎರಡು ಪಟ್ಟಿಗಳನ್ನು ಇನ್ನೊಮ್ಮೆ ಗಮನಿಸಿ. ಎರಡರಲ್ಲೂ ಎದ್ದು ಕಾಣುವುದು ದೇಹದೊಳಗೆ ಹೊಗುವ ಸಾಧನಗಳೇ. ಎಲ್ಲವನ್ನೂ ಒಮ್ಮೆಗೇ ನಿಯಂತ್ರಿಸಲಾಗದಿದ್ದಾಗ ಕಾನೂನು ಮೊದಲು ಕೈ ಇಟ್ಟದ್ದು ಕೋಟೆಗೋಡೆ ದಾಟುವ ವಸ್ತುಗಳ ಮೇಲೆ.

ಸಮಗ್ರವಾದ ವೈದ್ಯಕೀಯ ಸಾಧನ ನಿಯಮಗಳು 2017ರಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾಯಿದೆಯ ವ್ಯಾಪ್ತಿಗೆ ಬಂದವು. ಈ ನಿಯಮಗಳು ಸಾಧನಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತವೆ. ಕಡಿಮೆ ಅಪಾಯದವು ‘ಎ’ ವರ್ಗ. ಅದಕ್ಕಿಂತ ತುಸು ಹೆಚ್ಚಿನವು ‘ಬಿ’. ಮಧ್ಯಮಕ್ಕಿಂತ ಮೇಲಿನವು ‘ಸಿ’. ಅತಿ ಹೆಚ್ಚು ಅಪಾಯದವು ‘ಡಿ’. ಈಗ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ.

ಮೊದಲ ಪ್ರಶ್ನೆ: ಯಾವ ಬಾಗಿಲು?

ದೇಹಕ್ಕೆ ಸಹಜವಾದ ಬಾಗಿಲುಗಳಿವೆ: ಬಾಯಿ, ಮೂಗು, ಕಿವಿ, ಮೂತ್ರದ್ವಾರ, ಗುದದ್ವಾರ, ಯೋನಿ. ಇವುಗಳ ಮೂಲಕ ಒಳಹೋಗುವ ಸಾಧನಗಳು ಒಂದು ಗುಂಪು. ಬಾಗಿಲಿಲ್ಲದ ಕಡೆ ಚರ್ಮವನ್ನು ಕೊಯ್ದು ಅಥವಾ ಚುಚ್ಚಿ ಒಳಹೋಗುವ ಸಾಧನಗಳು ಇನ್ನೊಂದು ಗುಂಪು. ಎರಡನೆಯ ಗುಂಪನ್ನು ನಿಯಮಗಳು ‘ಶಸ್ತ್ರಕ್ರಿಯೆಯಿಂದ ಪ್ರವೇಶಿಸುವ ಸಾಧನಗಳು’ ಎನ್ನುತ್ತವೆ. ಹೆಸರು ಕೇಳಿ ದೊಡ್ಡ ಆಪರೇಷನ್ ಥಿಯೇಟರನ್ನು ಕಲ್ಪಿಸಿಕೊಳ್ಳಬೇಡಿ. ನಿಮ್ಮ ತೋಳಿಗೆ ಚುಚ್ಚಿದ ಸಾಧಾರಣ ಸೂಜಿಯೂ ಈ ಗುಂಪಿಗೇ ಸೇರಿದ್ದು.

ಇಲ್ಲಿ ಎರಡು ಸ್ವಾರಸ್ಯಗಳಿವೆ. ಕಣ್ಣುಗುಡ್ಡೆಯ ಹೊರಮೈಯನ್ನೂ ನಿಯಮಗಳು ಸಹಜ ದ್ವಾರವೆಂದೇ ಎಣಿಸುತ್ತವೆ. ಆದ್ದರಿಂದ ಕಣ್ಣಿಗೆ ಹಾಕುವ ಕಾಂಟ್ಯಾಕ್ಟ್ ಲೆನ್ಸ್ ದೇಹವನ್ನು ಪ್ರವೇಶಿಸುವ ಸಾಧನ; ಮೂಗಿನ ಮೇಲೆ ಕೂರುವ ಕನ್ನಡಕ ಅಲ್ಲ. ಎರಡನೆಯದಾಗಿ, ಉಸಿರಾಟಕ್ಕೆಂದು ವೈದ್ಯರು ಕುತ್ತಿಗೆಯಲ್ಲಿ ಶಾಶ್ವತವಾಗಿ ಮಾಡಿದ ರಂಧ್ರವೂ ದ್ವಾರವೇ. ರಂಧ್ರ ಮಾಡುವಾಗ ಬಳಸುವ ಉಪಕರಣ ಶಸ್ತ್ರಕ್ರಿಯೆಯ ಗುಂಪಿಗೆ ಸೇರುತ್ತದೆ. ರಂಧ್ರ ಮಾಗಿ ನೆಲೆಯಾದ ಮೇಲೆ ಅದರಲ್ಲಿ ಇಡುವ ಕೊಳವೆ ದ್ವಾರದ ಮೂಲಕ ಹೋಗುವ ಗುಂಪಿಗೆ ಸೇರುತ್ತದೆ.

ಸಹಜ ದ್ವಾರಗಳ ಒಳಮೈ ಹೊರಗಿನ ಪ್ರಪಂಚದ ಸಂಪರ್ಕಕ್ಕೆ ಒಗ್ಗಿಕೊಂಡಿದೆ. ಬಾಯಿಯ ಒಳಗೆ ದಿನವೂ ಊಟ, ನೀರು, ಗಾಳಿ ಓಡಾಡುತ್ತವೆ. ಮಾಂಸಖಂಡವೂ ರಕ್ತನಾಳವೂ ಹಾಗಲ್ಲ. ಆದಕಾರಣ ನಾಲಿಗೆಯನ್ನು ಒತ್ತುವ ಕಡ್ಡಿ ‘ಎ’ ವರ್ಗದಲ್ಲಿ ಉಳಿಯುತ್ತದೆ. ಇಂಜೆಕ್ಷನ್ ಸೂಜಿ ‘ಬಿ’ ವರ್ಗಕ್ಕೆ ಏರುತ್ತದೆ.

ಎರಡನೆಯ ಪ್ರಶ್ನೆ: ಎಷ್ಟು ಹೊತ್ತು?

ನೆಂಟರು ಬಂದು ಕಾಫಿ ಕುಡಿದು ಹೋಗುವುದಕ್ಕೂ ತಿಂಗಳುಗಟ್ಟಲೆ ಉಳಿಯುವುದಕ್ಕೂ ವ್ಯತ್ಯಾಸವಿದೆಯಲ್ಲವೇ? ಸಾಧನಗಳ ವಿಷಯದಲ್ಲಿಯೂ ಅಷ್ಟೆ. ನಿಯಮಗಳು ಕಾಲವನ್ನು ಮೂರಾಗಿ ಅಳೆಯುತ್ತವೆ. 60 ನಿಮಿಷಗಳಿಗಿಂತ ಕಡಿಮೆಯಾದರೆ ಕ್ಷಣಿಕ ಬಳಕೆ. 60 ನಿಮಿಷಗಳಿಂದ 30 ದಿನಗಳವರೆಗೆ ಅಲ್ಪಾವಧಿ ಬಳಕೆ. 30 ದಿನಗಳನ್ನು ಮೀರಿದರೆ ದೀರ್ಘಾವಧಿ ಬಳಕೆ.

ಮೂತ್ರಕೋಶಕ್ಕೆ ಹಾಕುವ ರಬ್ಬರಿನ ಅಥವಾ ಸಿಲಿಕೋನಿನ ಕೊಳವೆಯನ್ನು, ಎಂದರೆ ಕ್ಯಾತಿಟರನ್ನು, ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಹೋಗುವುದು ಸಹಜ ದ್ವಾರದ ಮೂಲಕ. ಮೂತ್ರವನ್ನು ಒಮ್ಮೆ ಹೊರಹಾಕಿ ತೆಗೆದುಬಿಡುವುದಾದರೆ ಕ್ಷಣಿಕ ಬಳಕೆಯ ನಿಯಮ ಅನ್ವಯಿಸುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಕೆಲವು ದಿನ ಇಡುವಂಥದಾದರೆ ‘ಬಿ’ ವರ್ಗ. 30 ದಿನ ಮೀರಿ ಇಡಲೆಂದೇ ತಯಾರಿಸಿದ್ದಾದರೆ ‘ಸಿ’ ವರ್ಗ. ಬಾಗಿಲು ಒಂದೇ, ಆಕಾರವೂ ಹೆಚ್ಚುಕಡಿಮೆ ಒಂದೇ. ಗಡಿಯಾರ ಮಾತ್ರ ಬೇರೆ. ಕೊಳವೆ ಒಳಗೆ ಹೆಚ್ಚು ದಿನ ಇದ್ದಷ್ಟೂ ಅದರ ಮೇಲೆ ರೋಗಾಣುಗಳ ಪದರ ಬೆಳೆಯಲು ಅವಕಾಶ ಹೆಚ್ಚು.

ನಿಮ್ಮಲ್ಲಿ ಚುರುಕಾದವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ‘ಇಪ್ಪತ್ತೊಂಬತ್ತನೆಯ ದಿನ ಒಂದನ್ನು ತೆಗೆದು ಅಂಥದೇ ಇನ್ನೊಂದನ್ನು ಹಾಕಿದರೆ?’ ಇದಕ್ಕೆ ಐರೋಪ್ಯ ಒಕ್ಕೂಟದ ನಿಯಮ ಸ್ಪಷ್ಟ ಉತ್ತರ ಕೊಡುತ್ತದೆ. ಕೂಡಲೇ ಅದೇ ಬಗೆಯ ಸಾಧನವನ್ನು ಬದಲಿಗೆ ಹಾಕುವುದು ತಯಾರಕರ ಉದ್ದೇಶವಾಗಿದ್ದರೆ ಎರಡರ ದಿನಗಳನ್ನೂ ಕೂಡಿಸಿಯೇ ಎಣಿಸಬೇಕು.

ಮೂರನೆಯ ಪ್ರಶ್ನೆ: ಯಾವ ಅಂಗದ ಸಂಗ?

ಹೃದಯ, ಅದರಿಂದ ಹೊರಡುವ ಮತ್ತು ಅದನ್ನು ಸೇರುವ ಮಹಾ ರಕ್ತನಾಳಗಳು, ಮಿದುಳು ಮತ್ತು ಬೆನ್ನುಹುರಿ: ಇವುಗಳನ್ನು ನೇರವಾಗಿ ಮುಟ್ಟಲೆಂದು ಮಾಡಿದ ಸಾಧನಕ್ಕೆ ನಿಯಮಗಳು ಯಾವ ರಿಯಾಯಿತಿಯನ್ನೂ ತೋರಿಸುವುದಿಲ್ಲ. ಇಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಮುಂಗೈಯ ರಕ್ತನಾಳ ಈ ಪಟ್ಟಿಯಲ್ಲಿಲ್ಲ. ಹೃದಯಕ್ಕೆ ರಕ್ತ ಉಣಿಸುವ ನಾಳ ಇದೆ.

ಹೃದಯದ ರಕ್ತನಾಳ ಕಟ್ಟಿಕೊಂಡಾಗ ಅದನ್ನು ಅಗಲಿಸಲು ಪುಟ್ಟ ಬಲೂನಿರುವ ಕೊಳವೆಯೊಂದನ್ನು ಬಳಸುತ್ತಾರೆ. ಅದು ದೇಹದೊಳಗೆ ಉಳಿಯುವುದು ಸ್ವಲ್ಪವೇ ಹೊತ್ತು. ಆದರೂ ಅದು ‘ಡಿ’ ವರ್ಗ. ಬಳಿಕ ಅಲ್ಲಿ ನೆಲೆಯಾಗಿ ಬಿಡುವ ಸ್ಟೆಂಟ್ ಕೂಡ ‘ಡಿ’. ಪೇಸ್‌ಮೇಕರ್, ಹೃದಯದ ಕವಾಟ, ಮಿದುಳಿನಲ್ಲಿ ಹೆಚ್ಚಾದ ನೀರನ್ನು ಹೊರಹರಿಸುವ ಕೊಳವೆ, ಇವೆಲ್ಲವೂ ‘ಡಿ’. ಆದರೆ ಪೊರೆ ತೆಗೆದ ಕಣ್ಣಿನಲ್ಲಿ ಜೀವನಪರ್ಯಂತ ಇರುವ ಮಸೂರ ‘ಸಿ’. ಹಲ್ಲಿನ ಹುಳುಕಿಗೆ ತುಂಬುವ ಪದಾರ್ಥ ವರ್ಷಗಟ್ಟಲೆ ಇದ್ದರೂ ‘ಬಿ’; ಏಕೆಂದರೆ ಹಲ್ಲಿಗೆ ನಿಯಮಗಳು ವಿಶೇಷ ವಿನಾಯಿತಿ ಕೊಟ್ಟಿವೆ. ಗಡಿಯಾರಕ್ಕಿಂತ ನೆರೆಹೊರೆಯ ತೂಕ ಕೆಲವೊಮ್ಮೆ ಹೆಚ್ಚು ಎಂಬುದು ಇದರಿಂದ ಗೊತ್ತಾಗುತ್ತದೆ.

ಇವಲ್ಲದೆ ಇನ್ನೂ ಕೆಲವು ಅಂಶಗಳು ವರ್ಗವನ್ನು ಮೇಲಕ್ಕೆ ಏರಿಸುತ್ತವೆ. ಸಾಧನವು ದೇಹದಲ್ಲಿ ಕರಗಿಹೋಗುವುದೇ? ಒಳಗೆ ವಿಕಿರಣವನ್ನು ಸೂಸುವುದೇ? ಔಷಧವನ್ನು ಬಿಡುಗಡೆ ಮಾಡುವುದೇ? ಒಂದೇ ಸಾಧನಕ್ಕೆ ಎರಡು ನಿಯಮಗಳು ಅನ್ವಯಿಸಿದರೆ ಹೆಚ್ಚು ಕಟ್ಟುನಿಟ್ಟಾದುದೇ ಗೆಲ್ಲುತ್ತದೆ.

ಇನ್ನೊಂದು ಮಾತು. ಈ ಮೂರು ಪ್ರಶ್ನೆಗಳಿಗೂ ಉತ್ತರ ಹುಡುಕುವುದು ತಯಾರಕರು ಘೋಷಿಸಿದ ಉದ್ದೇಶದಲ್ಲಿ. ಅಕ್ಕಸಾಲಿಗರು ಮಗುವಿನ ಕಿವಿ ಚುಚ್ಚುವ ತಂತಿಯೂ ಚರ್ಮವನ್ನು ಭೇದಿಸುತ್ತದೆ. ಆದರೆ ಅದರ ಉದ್ದೇಶ ಚಿಕಿತ್ಸೆಯಲ್ಲ, ಅಲಂಕಾರ. ಆದ್ದರಿಂದ ಅದು ವೈದ್ಯಕೀಯ ಸಾಧನವಾಗುವುದಿಲ್ಲ.

ಒಂದು ಒಗಟು

ಶಸ್ತ್ರವೈದ್ಯರ ಕತ್ತರಿ, ಚಿಮುಟ ಮುಂತಾದ ಮತ್ತೆ ಮತ್ತೆ ಬಳಸುವ ಉಪಕರಣಗಳು ಭಾರತದಲ್ಲಿ ಸಾಮಾನ್ಯವಾಗಿ ‘ಎ’ ವರ್ಗದವು. ಒಮ್ಮೆ ಬಳಸಿ ಎಸೆಯುವ ಶಸ್ತ್ರಕ್ರಿಯೆಯ ಅಲಗು ‘ಬಿ’ ವರ್ಗದ್ದು. ಇದು ತಲೆಕೆಳಗಾದಂತೆ ಕಾಣುವುದಿಲ್ಲವೇ?

ಯೋಚಿಸಿ ನೋಡಿ. ಅಲಗಿನ ಪೊಟ್ಟಣವನ್ನು ತೆರೆದು ನೇರವಾಗಿ ರೋಗಿಯ ಮೈಗೆ ತಾಗಿಸುತ್ತಾರೆ. ಅದು ಕ್ರಿಮಿರಹಿತವಾಗಿದೆಯೆಂಬ ಭರವಸೆ ಕಾರ್ಖಾನೆಯದು. ಕತ್ತರಿಯನ್ನಾದರೋ ಆಸ್ಪತ್ರೆಯವರು ಪ್ರತಿ ಸಲವೂ ತೊಳೆದು, ಒತ್ತಡದ ಹಬೆಯಲ್ಲಿ ಬೇಯಿಸಿ ಬಳಸುತ್ತಾರೆ. ಅಲ್ಲಿ ಹೊಣೆಯ ದೊಡ್ಡ ಪಾಲು ಆಸ್ಪತ್ರೆಯದು. ಕೆಳಗಿನ ವರ್ಗವೆಂದರೆ ಅಪಾಯವಿಲ್ಲವೆಂದಲ್ಲ. ಅಪಾಯವನ್ನು ಕಾಯುವವರು ಬೇರೆ ಎಂದರ್ಥ.

ವರ್ಗ ಬದಲಾದರೆ ಏನು ಬದಲಾಗುತ್ತದೆ?

‘ಎ’ ಮತ್ತು ‘ಬಿ’ ವರ್ಗದ ಸಾಧನಗಳ ತಯಾರಿಕೆಗೆ ರಾಜ್ಯದ ಪರವಾನಗಿ ಪ್ರಾಧಿಕಾರ ಲೈಸೆನ್ಸ್ ಕೊಡುತ್ತದೆ. ‘ಬಿ’ ವರ್ಗದ ಕಾರ್ಖಾನೆಯನ್ನು ಮಾನ್ಯತೆ ಪಡೆದ ಸಂಸ್ಥೆಯೊಂದು ಮೊದಲು ಬಂದು ಪರಿಶೀಲಿಸಬೇಕು. ‘ಸಿ’ ಮತ್ತು ‘ಡಿ’ ವರ್ಗಗಳಿಗೆ ಕೇಂದ್ರ ಪ್ರಾಧಿಕಾರವೇ ಲೈಸೆನ್ಸ್ ಕೊಡಬೇಕು. ಅದಕ್ಕೆ ಮುಂಚೆ ಸರ್ಕಾರದ ಅಧಿಕಾರಿಗಳ ತಪಾಸಣೆ ನಡೆಯಬೇಕು. ವಿದೇಶದಿಂದ ತರಿಸುವ ಸಾಧನಕ್ಕೆ ವರ್ಗ ಯಾವುದಾದರೂ ಕೇಂದ್ರದ್ದೇ ಲೈಸೆನ್ಸ್. ‘ಎ’ ಮತ್ತು ‘ಬಿ’ ವರ್ಗಗಳಿಗೆ 2022ರ ಅಕ್ಟೋಬರ್‌ನಿಂದ, ‘ಸಿ’ ಮತ್ತು ‘ಡಿ’ ವರ್ಗಗಳಿಗೆ 2023ರ ಅಕ್ಟೋಬರ್‌ನಿಂದ ಈ ವ್ಯವಸ್ಥೆ ಪೂರ್ಣವಾಗಿ ಕಡ್ಡಾಯವಾಯಿತು. ಕ್ರಿಮಿರಹಿತವಾಗಿರಬೇಕಿಲ್ಲದ ಮತ್ತು ಅಳತೆ ಮಾಡದ ‘ಎ’ ವರ್ಗದ ಸಾಧನಗಳಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿಯಿದೆ.

ಮೇಲಿನ ವರ್ಗ ಕೇಳುವ ಪುರಾವೆ ಎಂಥದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆಯಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ಹೃದಯದ ಕವಾಟವೊಂದನ್ನು ರೂಪಿಸಲಾಯಿತು. ನಿಮಿಷಕ್ಕೆ 72 ಬಾರಿಯಂತೆ ಲೆಕ್ಕ ಹಾಕಿದರೆ ಹೃದಯ ವರ್ಷಕ್ಕೆ 3 ಕೋಟಿ 78 ಲಕ್ಷಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಕವಾಟವೂ ಅಷ್ಟೇ ಬಾರಿ ತೆರೆದು ಮುಚ್ಚಬೇಕು. ಮೊದಲಿನ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ವಿಜ್ಞಾನಿಗಳು ಪದಾರ್ಥಗಳನ್ನು ಬದಲಿಸಿದರು, ಯಂತ್ರದಲ್ಲಿ ಪರೀಕ್ಷಿಸಿದರು, ಕುರಿಗಳಲ್ಲಿ ಅಳವಡಿಸಿ ನೋಡಿದರು. 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅದನ್ನು ಜೋಡಿಸಲಾಯಿತು. ಭಾರತದಲ್ಲಿ ನಾಲ್ಕು ವರ್ಗಗಳ ನಿಯಮ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರು ಆ ಪುರಾವೆಯ ದಾರಿಯನ್ನು ತಾವಾಗಿಯೇ ನಡೆದಿದ್ದರು. ಡಾ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು, 2024ರಲ್ಲಿ ನಿಧನರಾದರು.

ದಾರಿ ತಪ್ಪಿದರೆ?

ಕಾಗದದ ಮೇಲೆ ವರ್ಗ ಬರೆದುಬಿಟ್ಟರೆ ಸಾಲದು ಎಂಬುದಕ್ಕೂ ಉದಾಹರಣೆ ಉಂಟು. ಡೆಪ್ಯೂ ಕಂಪನಿಯ ಎ.ಎಸ್.ಆರ್. ಎಂಬ ಕೃತಕ ಸೊಂಟದ ಕೀಲಿನಲ್ಲಿ ಲೋಹದ ಗುಂಡು ಲೋಹದ ಬಟ್ಟಲಿನಲ್ಲೇ ತಿರುಗುತ್ತಿತ್ತು. ನಡೆದಾಗಲೆಲ್ಲ ಎರಡೂ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂನ ಸೂಕ್ಷ್ಮ ಕಣಗಳು ಉದುರಿ ಸುತ್ತಲಿನ ಮಾಂಸಕ್ಕೂ ರಕ್ತಕ್ಕೂ ಸೇರಿದವು. ಅಮೆರಿಕದಲ್ಲಿ ಈ ಬಗೆಯ ಕೀಲುಗಳು ಅತಿ ಅಪಾಯದ ಮೂರನೆಯ ವರ್ಗದಲ್ಲೇ ಇದ್ದವು. ಆದರೆ 1976ಕ್ಕೂ ಮೊದಲಿನ ಕೀಲುಗಳನ್ನು ಹೋಲುತ್ತವೆ ಎಂದು ತೋರಿಸಿದರೆ ಸಾಕು, ಮಾರಾಟಕ್ಕೆ ಬಿಡುವ ಹಳೆಯ ದಾರಿಯೊಂದು ತೆರೆದೇ ಇತ್ತು. ಎ.ಎಸ್.ಆರ್. ಕೀಲು 2005ರಲ್ಲಿ ಅಲ್ಲಿಗೆ ಪ್ರವೇಶ ಪಡೆದದ್ದು ಆ ದಾರಿಯಿಂದಲೇ.

ಇಂಗ್ಲೆಂಡಿನ ಕೀಲುಗಳ ದಾಖಲಾತಿ ಪುಸ್ತಕ ನಿಜವನ್ನು ಬಯಲಿಗೆ ತಂದಿತು. ಐದು ವರ್ಷಗಳೊಳಗೆ ಸುಮಾರು ಎಂಟು ಮಂದಿಯಲ್ಲಿ ಒಬ್ಬರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಗಿತ್ತು. 2010ರ ಆಗಸ್ಟಿನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 93,000 ಜನರ ಮೈಯೊಳಗೆ ಅದು ಸೇರಿತ್ತು. ಅವರಲ್ಲಿ ಭಾರತದ ಸಾವಿರಾರು ಮಂದಿಯೂ ಇದ್ದರು. ಇಲ್ಲಿ ಇನ್ನೊಂದು ತೊಡಕು ಎದುರಾಯಿತು. ಯಾರಿಗೆ ಆ ಕೀಲನ್ನು ಜೋಡಿಸಲಾಗಿತ್ತು ಎಂಬ ದಾಖಲೆ ಸರಿಯಾಗಿ ಇರಲಿಲ್ಲ. ಅನೇಕ ರೋಗಿಗಳನ್ನು ಪತ್ತೆಹಚ್ಚಲೇ ಆಗಲಿಲ್ಲ. ಹಿಂತೆಗೆದುಕೊಂಡ ಸಾಧನವನ್ನು ಅಂಗಡಿಯಿಂದ ವಾಪಸು ತರಿಸಬಹುದು. ಹೆಸರೂ ವಿಳಾಸವೂ ಗೊತ್ತಿಲ್ಲದವರ ಸೊಂಟದಿಂದ ತರಿಸುವುದು ಹೇಗೆ?

ಇಂದು ಐರೋಪ್ಯ ಒಕ್ಕೂಟದಲ್ಲಿ ಪೂರ್ಣ ಸೊಂಟದ ಕೀಲು ಅತಿ ಮೇಲಿನ ವರ್ಗದಲ್ಲಿದೆ. ಭಾರತದಲ್ಲಿ ಅದು ‘ಸಿ’ ವರ್ಗದಲ್ಲಿದೆ. ಒಂದೇ ಸಾಧನಕ್ಕೆ ಎರಡು ಕಡೆ ಎರಡು ಸ್ಥಾನ. ವರ್ಗೀಕರಣ ಎಂಬುದು ಪ್ರಕೃತಿಯ ನಿಯಮವಲ್ಲ, ಮನುಷ್ಯರು ಅನುಭವದಿಂದ ಎಳೆದ ಗೆರೆ. ಹೊಸ ಅನುಭವ ಬಂದಾಗ ಆ ಗೆರೆಯನ್ನು ಸರಿಸಬಹುದು, ಸರಿಸಬೇಕು.

ನೀವು ಮಾಡಬಹುದಾದದ್ದು

ಆ ಅನುಭವ ಕೂಡಿಬರುವುದು ಯಾರೋ ಒಬ್ಬರು ಬರೆದಿಟ್ಟಾಗ ಮಾತ್ರ. ಇದರಲ್ಲಿ ನಿಮ್ಮ ಪಾಲೂ ಇದೆ. ನಿಮಗೆ ಇಂಜೆಕ್ಷನ್ ಕೊಡುವಾಗ ಸೂಜಿಯ ಪೊಟ್ಟಣವನ್ನು ನಿಮ್ಮ ಮುಂದೆಯೇ ತೆರೆಯುತ್ತಾರೆಯೇ ಎಂದು ನೋಡಿ. ಪೊಟ್ಟಣದ ಮೇಲೆ 2 ಎಂಬ ಅಂಕಿಗೆ ಅಡ್ಡಗೆರೆ ಎಳೆದ ಗುರುತಿದ್ದರೆ ಅದನ್ನು ಎರಡನೆಯ ಬಾರಿ ಬಳಸಬಾರದೆಂದು ಅರ್ಥ. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಇವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಮನೆಯಲ್ಲಿ ಅಜ್ಜಿಗೆ ಮಂಡಿಯ ಕೀಲನ್ನೋ ತಾತನಿಗೆ ಸ್ಟೆಂಟನ್ನೋ ಹಾಕಿದ್ದರೆ ಆಸ್ಪತ್ರೆಯಿಂದ ಬಂದ ಕಾಗದಗಳನ್ನು ತೆಗೆದು ನೋಡಿ. ಸಾಧನದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ ಮತ್ತು ಜೋಡಿಸಿದ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹಿರಿಯರು ಮರೆಯಬಹುದು, ಆಸ್ಪತ್ರೆಯ ಕಡತ ಕಳೆಯಬಹುದು. ನಿಮ್ಮ ಪುಸ್ತಕ ಇರುತ್ತದೆ. ಸಾಧನದಿಂದ ತೊಂದರೆಯಾದರೆ ವೈದ್ಯರಿಗೆ ತಿಳಿಸಿ. ಇಂಥ ವರದಿಗಳನ್ನು ಕಲೆಹಾಕಲು 2015ರಿಂದ ಭಾರತದಲ್ಲಿ ರಾಷ್ಟ್ರಮಟ್ಟದ ಕಾರ್ಯಕ್ರಮವೊಂದಿದೆ. ಗಾಜಿಯಾಬಾದಿನಲ್ಲಿರುವ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಡೆಸುತ್ತದೆ. ರೋಗಿಗಳೂ ಅವರ ಮನೆಯವರೂ ಅದಕ್ಕೆ ವರದಿ ಮಾಡಬಹುದು.

ನೀವೇ ಉತ್ತರಿಸಿ

1. ಕಿವಿಯೊಳಗೆ ಬೆಳಕು ಬಿಟ್ಟು ನೋಡುವ ಉಪಕರಣದ ತುದಿ ಯಾವ ಬಾಗಿಲಿನಿಂದ ಹೋಗುತ್ತದೆ? ಎಷ್ಟು ಹೊತ್ತು ಒಳಗಿರುತ್ತದೆ?

2. ಡ್ರಿಪ್ ಹಾಕಲು ಮುಂಗೈಯಲ್ಲಿ ಮೂರು ದಿನ ಇಡುವ ಕ್ಯಾನುಲಾ ಸಹಜ ದ್ವಾರದ ಗುಂಪಿನದೇ, ಶಸ್ತ್ರಕ್ರಿಯೆಯ ಗುಂಪಿನದೇ? ಅದರ ಬಳಕೆ ಕ್ಷಣಿಕವೇ, ಅಲ್ಪಾವಧಿಯದೇ?

3. ತಾನಾಗಿ ಕರಗುವ ಹೊಲಿಗೆ ದಾರ, ಏಳು ದಿನದ ಮೇಲೆ ಬಿಚ್ಚುವ ಹೊಲಿಗೆ ದಾರ, ಇವೆರಡರಲ್ಲಿ ಯಾವುದು ಮೇಲಿನ ವರ್ಗಕ್ಕೆ ಸೇರಬೇಕು? ಏಕೆ?

ಮೂರನೆಯ ಪ್ರಶ್ನೆಗೆ ಹೆಚ್ಚಿನವರು ‘ಕರಗಿಹೋಗುವುದೇ ಸುರಕ್ಷಿತವಲ್ಲವೇ?’ ಎನ್ನುತ್ತಾರೆ. ಬಿಚ್ಚಿದ ದಾರ ಕಸದ ಬುಟ್ಟಿಗೆ ಹೋಗುತ್ತದೆ. ಕರಗಿದ ದಾರ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ. ಉತ್ತರ ತಾನಾಗಿ ಹೊಳೆಯುತ್ತದೆ.